ದೇರಪ್ಪನ ಕಾರಿನ ಅರಿಸಿನ ದೀಪ

ತಂಗಮ್ಮ ತನ್ನ ಬಾಳಿನಲ್ಲಿ ಒಂದು ದೀಪವನ್ನೂ ಆರಿಸಿದವಳಲ್ಲ. ಆರಿಸುವುದಿರಲಿ, ಆ ಮಾತನ್ನು ಬಾಯಿಗೂ ತಂದವಳಲ್ಲ. ಮಲಗುವ ಮುಂಚೆ ನಡುಮನೆಯ ತೂಗುದೀಪ ಶಾಂತವಾಗಬೇಕಾದರೆ ‘ದೀಪ ದೊಡ್ಡದು ಮಾಡಿ’ ಎಂದು ಗಂಡನಿಗೆ ಹೇಳಿ, ತಾನು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಕಲಿಸಿದ್ದು ಅವಳ ಅತ್ತೆ, ಆ ಅತ್ತೆಗೆ ಕಲಿಸಿದ್ದು ಅವರ ಅತ್ತೆ. ಮನೆಯ ಹೆಣ್ಣು ದೀಪ ಹಚ್ಚುವವಳು, ಆರಿಸುವವಳಲ್ಲ. ಇಂಥ ಹೆಂಗಸಿನ ಅಂಗಳಕ್ಕೆ ಒಂದು ಕಾರು ಬಂದು ನಿಂತಿತು.

ಕೊಡಗು ಮೈಸೂರಿಗೆ ಸೇರಿದ ಮರುವರ್ಷದ ಮಾತು. ಕಕ್ಕಬೆಯ ಹತ್ತಿರದ ತೋಟವೊಂದರ ಬಿಳಿ ದೊರೆ ಗಂಟುಮೂಟೆ ಕಟ್ಟಿಕೊಂಡು ಸೀಮೆಗೆ ಹೊರಟ. ಹಡಗಿಗೆ ಹತ್ತಿಸಲಾಗದ ಅವನ ಕಾರು ತಂಗಮ್ಮನ ಗಂಡ ದೇರಪ್ಪನ ಪಾಲಿಗೆ ಬಂತು. ಆ ವರ್ಷ ಕಾಫಿಗೆ ಒಳ್ಳೆಯ ಬೆಲೆ ಬಂದಿತ್ತು, ದೇರಪ್ಪನಿಗೆ ಕಾರಿನ ಹುಚ್ಚು ಅದಕ್ಕೂ ಹಿಂದಿನಿಂದಲೇ ಇತ್ತು. ದೊರೆಯ ಡ್ರೈವರನ ಪಕ್ಕದಲ್ಲಿ ಕೂತು ಕೆಲವು ದಿನ ಕಲಿತ. ಎರಡು ಬೇಲಿ, ಒಂದು ಬಾಳೆಗಿಡ, ಒಂದು ಕೋಳಿಗೂಡು ಮುಗಿಯುವ ಹೊತ್ತಿಗೆ ಕೈ ಕುದುರಿತು.

ಕಾರಿನ ಮುಂದಿನ ಹಲಗೆಯಲ್ಲಿ, ಗಡಿಯಾರದ ಹಾಗಿದ್ದ ಮೈಲಿಯ ಬಿಲ್ಲೆಯ ಕೆಳಗೆ, ಕಡಲೆಕಾಳಿನಷ್ಟು ದೊಡ್ಡ ಎರಡು ದೀಪಗಳಿದ್ದವು. ಒಂದು ಕೆಂಪು, ಇನ್ನೊಂದು ಹಳದಿ. ಕೀಲಿ ತಿರುಗಿಸಿದ ಕೂಡಲೇ ಎರಡೂ ಹೊತ್ತಿಕೊಂಡವು. ತಂಗಮ್ಮ ಅದನ್ನು ಮೊದಲ ಸಲ ನೋಡಿದಾಗ ಅವಳಿಗೆ ಸಂತೋಷವೇ ಆಯಿತು. ಅರಿಸಿನ, ಕುಂಕುಮ. ದೊರೆಯ ಕಾರಾದರೇನು, ಮಾಡಿದವರಿಗೆ ದೈವಭಕ್ತಿ ಇದೆ ಅಂದುಕೊಂಡಳು. ದೇರಪ್ಪ ಎಂಜಿನ್ ಎಬ್ಬಿಸಿದ. ಎರಡೂ ದೀಪ ಒಟ್ಟಿಗೆ ಆರಿಹೋದವು. ತಂಗಮ್ಮ ತಟ್ಟನೆ ಕಾರಿನಿಂದ ಇಳಿದುಬಿಟ್ಟಳು. ಹೊರಡುವ ಹೊತ್ತಿಗೆ ಅರಿಸಿನ ಕುಂಕುಮ ಎರಡೂ ಆರಿಹೋಗುವ ಗಾಡಿಯಲ್ಲಿ ಮುತ್ತೈದೆ ಕೂರುವುದುಂಟೇ?

ಅವಳನ್ನು ಮತ್ತೆ ಹತ್ತಿಸಲು ಅವಳ ತಮ್ಮ ಬೋಜಪ್ಪ ಬರಬೇಕಾಯಿತು. ಬೋಜಪ್ಪ ಪಟ್ಟಾಳದಲ್ಲಿ ಲಾರಿ ಓಡಿಸಿ ಹವಾಲ್ದಾರನಾಗಿ ಹಿಂದಿರುಗಿದವನು. ಈಗ ಕಕ್ಕಬೆಯಿಂದ ವಿರಾಜಪೇಟೆಗೆ ಹೋಗುವ ಬಸ್ಸಿನ ಡ್ರೈವರ್. ಅವನು ಅಕ್ಕನಿಗೆ ಎಲ್ಲವನ್ನೂ ಪಟ್ಟಾಳದ ರೀತಿಯಲ್ಲೇ ಬಿಡಿಸಿ ಹೇಳಿದ. ಕೀಲಿ ತಿರುಗಿಸಿದಾಗ ದೀಪ ಹೊತ್ತುವುದೆಂದರೆ ಹಾಜರಿ ಹೇಳುವುದು, ನಾನು ಬದುಕಿದ್ದೇನೆ ಎನ್ನುವುದು. ಎಂಜಿನ್ ಎದ್ದ ಮೇಲೆ ಆರುವುದೆಂದರೆ ಎಲ್ಲ ಸರಿಯಾಗಿದೆ ಎನ್ನುವುದು. ಕೆಂಪು ದೀಪ ಬ್ಯಾಟರಿಯದು, ಹಳದಿ ದೀಪ ಎಂಜಿನ್ ಆಯಿಲಿನದು. ದಾರಿಯಲ್ಲಿ ಹೊತ್ತಿದರೆ ಗಾಡಿ ನಿಲ್ಲಿಸಬೇಕು.

“ಅಕ್ಕ, ನಿನ್ನ ದೀಪ ಎಣ್ಣೆ ಮುಗ್ದರೆ ಆರ್ದೆ. ಇದ್ ಎಣ್ಣೆ ಮುಗ್ದರೆ ಹೊತ್ತುದೆ,” ಅಂದ.

ತಂಗಮ್ಮ ನಂಬಲಿಲ್ಲ. ನಂಬದಿರುವುದಕ್ಕೆ ಕಾರಣವಿತ್ತು. ಬೋಜಪ್ಪ ಹುಟ್ಟಿನಿಂದಲೂ ತಮಾಷೆಗಾರ. ಬೆಳ್ಳುಳ್ಳಿಯನ್ನು ತಲೆಕೆಳಗಾಗಿ ನೆಟ್ಟರೆ ಈರುಳ್ಳಿ ಬರುತ್ತದೆಂದು ನಂಬಿಸಿ, ಚಿಕ್ಕಂದಿನಲ್ಲಿ ಅವಳ ಕೈಯಿಂದ ಒಂದು ಪಾತಿ ನೆಡಿಸಿದವನು. ಎಣ್ಣೆ ಇಲ್ಲದೆ ಹೊತ್ತುವ ದೀಪವೂ ಅದೇ ಪಾತಿಯ ಬೆಳೆ ಅಂದುಕೊಂಡು ಅವಳು ನಕ್ಕು ಕಾರು ಹತ್ತಿದಳು. ಕಾರು ಚೆನ್ನಾಗಿಯೇ ಓಡಿತು. ಎರಡು ಮೂರು ಸಲ ಹೋಗಿಬಂದ ಮೇಲೆ ಆರಿದ ದೀಪವನ್ನು ನೋಡದ ಹಾಗೆ ಇರುವುದು ಅಭ್ಯಾಸವಾಯಿತು.

ದೇರಪ್ಪನ ಕಥೆ ಬೇರೆ. ಅವನು ಒಳ್ಳೆಯ ಜೀವ, ಆದರೆ ಬುದ್ಧಿ ಹೇಳುವವರು ಹೆಂಡತಿಯ ಕಡೆಯವರಾದರೆ ಆ ಬುದ್ಧಿ ಅವನ ಕಿವಿಯ ಬಾಗಿಲಲ್ಲೇ ಕಾಲು ತೊಳೆದು ವಾಪಸು ಹೋಗುತ್ತಿತ್ತು. ದಿನಾ ಬೆಳಗ್ಗೆ ಎಂಜಿನ್ನಿನ ಕಡ್ಡಿ ಎಳೆದು ಆಯಿಲ್ ಎಷ್ಟಿದೆ ನೋಡಿ, ರೇಡಿಯೇಟರಿನ ನೀರು ನೋಡಿ, ಇಷ್ಟು ಮೈಲಿಗೊಮ್ಮೆ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿ ಎಂದು ಬೋಜಪ್ಪ ಹೇಳಿದ್ದಕ್ಕೆ ದೇರಪ್ಪನ ಹತ್ತಿರ ಒಂದೇ ಉತ್ತರವಿತ್ತು. ಅಜ್ಜನ ಕಾಲದ ಕೋವಿ ಇದೆ, ಕತ್ತಿ ಇದೆ, ನೇಗಿಲಿದೆ. ಎಲ್ಲಕ್ಕೂ ವರ್ಷಕ್ಕೊಮ್ಮೆ ಕೈಲ್ ಮುಹೂರ್ತದ ದಿನ ಒರೆಸಿ, ಎಣ್ಣೆ ಹಚ್ಚಿ, ಪೂಜೆ ಮಾಡುತ್ತೇವೆ. ಅಜ್ಜನ ಕೋವಿ ಇವತ್ತಿಗೂ ಸಿಡಿಯುತ್ತದೆ. ಕಾರೇನು ಕೋವಿಗಿಂತ ಮೇಲೆಯೇ?

ಹಾಗೆ ಆ ವರ್ಷದ ಕೈಲ್ ಮುಹೂರ್ತದಲ್ಲಿ ಕೋವಿ ಕತ್ತಿಗಳ ಜೊತೆಗೆ ಕಾರಿಗೂ ಗಂಧ ಹಚ್ಚಿ, ಕೋವಿಗೆ ಮುಡಿಸುವ ತೋಕ್ ಪೂ ಎಂಬ ಕಾಡುಹೂ ಸಿಕ್ಕಿಸಿ ಪೂಜೆ ನಡೆಯಿತು. ಬೋಜಪ್ಪ ಹಬ್ಬದ ಊಟಕ್ಕೆ ಬಂದವನು ಅಂಗಿ ಬಿಚ್ಚಿ ಕಾರಿನಡಿ ನುಗ್ಗಿ ಆಯಿಲ್ ಬದಲಾಯಿಸಿಕೊಟ್ಟ. ಅದಾದ ಮೇಲೆ ಸುಗ್ಗಿಯಿಡೀ, ಕಾಫಿ ಪಿಕಿಂಗ್ ಮುಗಿದು ಹೂಮಳೆ ಬರುವವರೆಗೂ, ಆ ಕಾರು ಪೆಟ್ರೋಲ್ ಒಂದು ಬಿಟ್ಟರೆ ಬೇರೇನನ್ನೂ ಕಾಣಲಿಲ್ಲ. ಇನ್ನೊಂದು ಕೈಲ್ ಮುಹೂರ್ತ ಬರಲಿ ಅಂತ ದೇರಪ್ಪ ನಿಶ್ಚಿಂತೆಯಾಗಿದ್ದ.

ಕಾರು ಅಂಗಳದಲ್ಲಿ ನಿಲ್ಲುವ ಜಾಗದಲ್ಲಿ ದಿನಾ ಬೆಳಗ್ಗೆ ಅಂಗೈಯಗಲದ ಒಂದು ಕಪ್ಪು ಕಲೆ ಇರುತ್ತಿತ್ತು. ಸಗಣಿ ಸಾರಿಸಿದ ಅಂಗಳದ ಮೇಲೆ ಆ ಜಿಡ್ಡು ಕಂಡರೆ ತಂಗಮ್ಮನಿಗೆ ಮೈ ಉರಿಯುತ್ತಿತ್ತು. ಒಲೆಯ ಬೂದಿ ತಂದು ಅದರ ಮೇಲೆ ಸುರಿದು ಗುಡಿಸುತ್ತಿದ್ದಳು. ಹೀಗೆ ದಿನಾ ಕಾರಿನ ಬುಡಕ್ಕೆ ಬೂದಿ ಹಾಕುವುದೂ ಅವಳ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು.

ಅವಳಿಗೆ ಆ ಕಾರಿನಿಂದ ಆಗಬೇಕಾದ ಕೆಲಸವೊಂದಿತ್ತು. ಒಬ್ಬಳೇ ಮಗಳು ಸರೋಜಳನ್ನು ನೆಲ್ಯಹುದಿಕೇರಿಗೆ ಕೊಟ್ಟಿದ್ದರು. ಅವಳೀಗ ಚೊಚ್ಚಲ ಬಸುರಿ, ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತಂಗಮ್ಮ ಹಳೆಯ ಸೀರೆಗಳನ್ನು ಹರಿದು ಬಟ್ಟೆ ಮಡಿಸಿಟ್ಟು, ಬಾಣಂತಿಯ ಲೇಹಕ್ಕೆ ಬೇಕಾದುದನ್ನೆಲ್ಲ ಒಟ್ಟು ಮಾಡಿ ಆಗಿತ್ತು. ಆದರೆ ಮಗಳ ಅತ್ತೆ ಪೊನ್ನಮ್ಮ ಶಕುನ, ಗಳಿಗೆ ಎಂದರೆ ಗೆರೆ ದಾಟದ ಹೆಂಗಸು. ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದಾದರೆ ಕಳಿಸುವುದಿಲ್ಲ, ಕಾರು ತಂದರೆ ಕಳಿಸುತ್ತೇನೆ ಎಂದು ಹೇಳಿ ಕಳಿಸಿದ್ದಳು. ಬರುವ ಗುರುವಾರ ದಿನ ಚೆನ್ನಾಗಿದೆ, ಊಟದ ಹೊತ್ತಿಗೆ ಬಂದು ಬೆಳಕಿರುವಾಗಲೇ ಹೊರಟುಬಿಡಿ. ಅದು ತಪ್ಪಿದರೆ ಎಂಟನೆಯ ತಿಂಗಳು ಬೀಳುವವರೆಗೆ ಒಳ್ಳೆಯ ದಿನವಿಲ್ಲ, ಎಂಟು ಬಿದ್ದ ಮೇಲೆ ಬಸುರಿಯನ್ನು ಹೊಳೆ ದಾಟಿಸುವ ಮಾತಿಲ್ಲ, ಹೆರಿಗೆ ಇಲ್ಲೇ ಆಗಲಿ. ಇದನ್ನು ಕೇಳಿದ ದಿನದಿಂದ ತಂಗಮ್ಮನಿಗೆ ಗುರುವಾರದ ಹೊರತು ಬೇರೆ ವಾರವೇ ಇರಲಿಲ್ಲ.

ಆ ಗುರುವಾರ ಬೆಳಗ್ಗೆ ತೋಟವೆಲ್ಲ ಹೂ ಬಿಟ್ಟಿತ್ತು. ಗುಡ್ಡದ ಮೇಲಿಂದ ಕೆಳಗಿನವರೆಗೆ ಕಾಫಿ ಗಿಡಗಳು ಬೆಳ್ಳಗೆ ನಿಂತಿದ್ದವು, ಗಾಳಿಯೆಲ್ಲ ಘಮಘಮ. ತಂಗಮ್ಮ ಅಂಗಳ ಗುಡಿಸಲು ಹೋದಾಗ ಕಾರಿನಡಿ ನೆಲ ಚೊಕ್ಕವಾಗಿತ್ತು. ಹಿಂದಿನ ಕೆಲವು ದಿನಗಳಿಂದಲೂ ಆ ಕಪ್ಪು ಕಲೆ ಬಿದ್ದಿರಲಿಲ್ಲ. ಅಂತೂ ಕಾರಿಗೆ ಬುದ್ಧಿ ಬಂತು ಎಂದು ಖುಷಿಪಟ್ಟು ಬೂದಿಯನ್ನು ಬದನೆ ಗಿಡಕ್ಕೆ ಹಾಕಿದಳು. ಮಗಳ ತಲೆಗೆಂದು ತೆಗೆಸಿದ ತೆಂಗಿನೆಣ್ಣೆಯ ಕುಪ್ಪಿ, ಬೀಗರಿಗೆ ಬಾಳೆಗೊನೆ, ಏಲಕ್ಕಿ, ಜೇನು ಎಲ್ಲವನ್ನೂ ಹಿಂದಿನ ಸೀಟಿಗೆ ತುಂಬಿ ಗಂಡನ ಪಕ್ಕ ಕೂತಳು.

ಕಕ್ಕಬೆ ಬಿಟ್ಟು ಒಂದೆರಡು ತಿರುವು ಕಳೆದಿರಬೇಕು, ಹಳದಿ ದೀಪ ಒಮ್ಮೆ ಮಿನುಗಿತು. ತಂಗಮ್ಮ ಕಣ್ಣುಜ್ಜಿ ನೋಡಿದಳು. ನೇರ ದಾರಿಯಲ್ಲಿ ಆರಿತು, ಮುಂದಿನ ತಿರುವಿನಲ್ಲಿ ಮತ್ತೆ ಮಿನುಗಿತು. ಇಷ್ಟು ತಿಂಗಳು ಹೊರಟ ಕೂಡಲೇ ಮುಖ ಮುಚ್ಚಿಕೊಳ್ಳುತ್ತಿದ್ದ ಅರಿಸಿನ ಇವತ್ತು, ಮಗಳನ್ನು ಕರೆತರಲು ಹೊರಟ ದಿನ, ತಾನಾಗಿಯೇ ಕಣ್ಣು ತೆರೆದಿದೆ. ಅವಳ ಎದೆ ತುಂಬಿ ಬಂತು. ಗಂಡನಿಗೆ ತೋರಿಸಿದಳು. ದೊರೆಯ ಡ್ರೈವರ್ ಆ ದೀಪದ ಬಗ್ಗೆ ಏನೋ ಹೇಳಿದ್ದ ನೆನಪು ದೇರಪ್ಪನಿಗೆ ಬಂತು, ಆದರೆ ಏನು ಹೇಳಿದ್ದನೆಂಬುದು ಬರಲಿಲ್ಲ. ಮರೆತದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಶಕುನವನ್ನು ಒಪ್ಪಿಕೊಳ್ಳುವುದು ಸುಲಭ. ಒಳ್ಳೆಯದೇ ಆಯಿತು ಎಂದು ಅವನು ಮೀಸೆಯಡಿ ನಕ್ಕು ಇನ್ನಷ್ಟು ಜೋರಾಗಿ ಓಡಿಸಿದ.

ಕಡಂಗ ದಾಟಿದ ಮೇಲೆ ದೀಪ ಮಿನುಗುವುದನ್ನು ಬಿಟ್ಟು ನಿಂತು ಉರಿಯತೊಡಗಿತು. ತಂಗಮ್ಮ ಕೈ ಮುಗಿದಳು. ಬಾಣಂತನ ಸುಸೂತ್ರವಾಗಿ ಆಗಲಿ, ಮಗು ಯಾವುದಾದರೂ ಆಗಲಿ, ಪೊನ್ನಮ್ಮನ ಮೂಗು ಮಾತ್ರ ಬರದಿರಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಿರುವಾಗಲೇ ಎಂಜಿನ್ನಿನ ಒಳಗಿನಿಂದ ಟಕಟಕ ಎಂಬ ಸಣ್ಣ ಸದ್ದು ಕೇಳಿಸಿತು. ಒಣಗಿದ ಬಾಗಿಲ ತಿರುಗಣೆಯ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಎಣ್ಣೆ ಕೇಳುವ ಸದ್ದು ಎಲ್ಲ ಕಡೆಯೂ ಒಂದೇ.

ಎಣ್ಣೆ ಎಂದದ್ದೇ ಅವಳಿಗೆ ನಡುಮನೆಯ ತೂಗುದೀಪ ನೆನಪಾಯಿತು. ಅದರ ಬುಡದಲ್ಲೂ ನೆಲದ ಮೇಲೆ ಒಂದು ಜಿಡ್ಡಿನ ಕಲೆ ಇದೆ. ದೀಪದಲ್ಲಿ ಎಣ್ಣೆ ಇರುವವರೆಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವುದು ನಿಂತಿತೆಂದರೆ ಮೇಲೆ ಎಣ್ಣೆ ಮುಗಿಯಿತೆಂದೇ ಅರ್ಥ, ನೋಡಲು ಏಣಿ ಹತ್ತಬೇಕಾಗಿಲ್ಲ. ಹಾಗಾದರೆ ಅಂಗಳದ ಕಪ್ಪು ಕಲೆ? ಕಾರಿಗೆ ಬುದ್ಧಿ ಬಂದದ್ದಲ್ಲ, ತೊಟ್ಟಿಕ್ಕಲು ಒಳಗೆ ಏನೂ ಉಳಿದಿಲ್ಲ. ಬೋಜಪ್ಪ ಹೇಳಿದ್ದು ತಮಾಷೆಯಲ್ಲ. ಈರುಳ್ಳಿಯ ಪಾತಿಯ ಸಿಟ್ಟಿಗೆ ತಾನು ನಿಜವನ್ನೂ ಕೇಳಿಸಿಕೊಂಡಿರಲಿಲ್ಲ.

ಅವಳು ಗಂಡನಿಗೆ ಗಾಡಿ ನಿಲ್ಲಿಸಲು ಹೇಳಿದಳು, ಒಳಗೆ ಎಣ್ಣೆ ಇಲ್ಲವೆಂದಳು. ದೇರಪ್ಪನಿಗೆ ಹೊತ್ತಿನ ಚಿಂತೆ. ಊಟದ ಹೊತ್ತಿಗೆ ಮುಟ್ಟದಿದ್ದರೆ ಪೊನ್ನಮ್ಮನ ಮುಂದೆ ನಿಲ್ಲಬೇಕಾದವನು ಅವನು.

“ಒಳ್ಳೆ ಶಕುನ ಹೇಳಿ ಹೇಳ್ದ್ ನೀನೇ ಅಲ್ಲಾ?” ಅಂದ.

“ಹೇಳ್ದೆ. ಈಗ ಬೇರೆ ಹೇಳ್ತೊಳೆ,” ಅಂದಳು ತಂಗಮ್ಮ.

ವಿರಾಜಪೇಟೆಗೆ ಹೋಗಿ ನೋಡೋಣ ಎಂದು ಅವನು ಕಾಲು ಒತ್ತಿದ. ಟಕಟಕ ಜೋರಾಯಿತು. ಹಳದಿ ದೀಪ ಹಬ್ಬದ ದೀಪದಂತೆ ತುಂಬಿ ಉರಿಯುತ್ತಿತ್ತು. ತಂಗಮ್ಮ ಅದನ್ನೇ ನೋಡಿದಳು. ದೀಪ ಆರಿಸಬಾರದೆಂದು ಕಲಿಸಿದ ಅತ್ತೆ ನೆನಪಾದರು. ಮಗಳು ನೆನಪಾದಳು, ಈ ಕಾರು ಇಲ್ಲೇ ಕೈಕೊಟ್ಟರೆ ಗುರುವಾರ ಹೋಯಿತು, ತವರಿನ ಹೆರಿಗೆ ಹೋಯಿತು. ಕೈ ಚಾಚಿದಳು. ಈ ಸಲ ಗೋಡೆಯ ಕಡೆ ಮುಖ ತಿರುಗಿಸಲಿಲ್ಲ. ಕಣ್ಣು ತೆರೆದೇ ಕೀಲಿಯನ್ನು ಹಿಂದಕ್ಕೆ ತಿರುಗಿಸಿದಳು.

ಎಂಜಿನ್ ಸುಮ್ಮನಾಯಿತು. ದೀಪ ಆರಿತು. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿ, ಒಂದು ಹಲಸಿನ ಮರದಡಿ ಬಂದು ನಿಂತಿತು. ದೇರಪ್ಪ ಹೆಂಡತಿಯ ಮುಖವನ್ನೂ ಕೀಲಿಯನ್ನೂ ಮತ್ತೆ ಮತ್ತೆ ನೋಡಿದ. ಗಾಡಿ ನಿಂತದ್ದಕ್ಕಿಂತ ಅವನಿಗೆ ಆಶ್ಚರ್ಯವಾದದ್ದು ಇನ್ನೊಂದು.

“ನೀ ದೀಪ ಆರ್ಸ್‌ದ?” ಎಂದು ಮೆಲ್ಲಗೆ ಕೇಳಿದ.

ಹೌದು, ತಾನೇ ಆರಿಸಿದೆ ಎಂದು ಆ ಮಾತನ್ನೇ ಬಳಸಿ ಹೇಳಿದಳು ತಂಗಮ್ಮ. ಹೇಳಿ ಮುಗಿಸಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಹಲಸಿನ ಮರದ ಮೇಲೆ ಒಂದು ಕಾಗೆ ಮಾತ್ರ ಕೂಗಿತು.

ಮುಚ್ಚಳ ಎತ್ತಿ ಕಡ್ಡಿ ಎಳೆದು ನೋಡಿದರೆ ಅದರ ತುದಿಗೆ ಎಣ್ಣೆಯ ಹೆಸರಿರಲಿಲ್ಲ. ದೇರಪ್ಪ ಅದನ್ನು ತಿರುಗಿಸಿ ನೋಡಿದ, ಒರೆಸಿ ಮತ್ತೆ ಹಾಕಿ ನೋಡಿದ. ಎಷ್ಟು ಒರೆಸಿದರೂ ಇಲ್ಲದ ಎಣ್ಣೆ ಬರುವುದೆಲ್ಲಿಂದ. ಕೊನೆಗೆ ಅವನ ಕಣ್ಣು ಹಿಂದಿನ ಸೀಟಿನ ತೆಂಗಿನೆಣ್ಣೆಯ ಕುಪ್ಪಿಯ ಮೇಲೆ ಬಿತ್ತು. ತಂಗಮ್ಮ ಕುಪ್ಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು. ಅದು ಮಗಳ ತಲೆಗೆ ತಂದದ್ದು, ಕಾರಿನ ತಲೆಗಲ್ಲ.

ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು. ಬೋಜಪ್ಪನ ಬಸ್ಸು. ದೇರಪ್ಪ ಮರದ ಹಿಂದೆ ನಿಂತರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದ, ಆದರೆ ಕಾರನ್ನು ಮರದ ಹಿಂದೆ ಇಡಲಾಗುವುದಿಲ್ಲ. ಬಸ್ಸು ನಿಂತಿತು. ಒಳಗಿದ್ದವರೆಲ್ಲ ಇಳಿದು ಕಾರಿನ ಸುತ್ತ ನೆರೆದರು. ವಿರಾಜಪೇಟೆ ಸಂತೆಗೆ ಕರಿಮೆಣಸು ಒಯ್ಯುವವರು, ಕೋಳಿ ಹಿಡಿದವರು, ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಎಲ್ಲರೂ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿ, ಕೊಡವ ತಕ್ಕ್, ಮಲಯಾಳ, ಕನ್ನಡ ಮೂರರಲ್ಲೂ ಒಂದೇ ತೀರ್ಪು ಕೊಟ್ಟರು. ಎಣ್ಣೆ ಇಲ್ಲ.

ಬೋಜಪ್ಪ ಭಾವನ ಮುಖ ನೋಡಿದ. ಆಡಬಹುದಾದ ಮಾತು ಅವನ ಬಾಯಿಯ ತುಂಬ ಇತ್ತು, ಆದರೆ ನುಂಗಿಕೊಂಡ. ಬಸ್ಸಿನ ಸೀಟಿನಡಿಯಿಂದ ಆಯಿಲಿನ ಡಬ್ಬ ತಂದು ಸುರಿದ, ಕಡ್ಡಿ ಅದ್ದಿ ಗೆರೆ ತೋರಿಸಿದ, ತೊಟ್ಟಿಕ್ಕುವ ಕಡೆಯ ಬೋಲ್ಟನ್ನು ಬಿಗಿ ಮಾಡಿದ. ದೀಪ ನಿಂತು ಉರಿಯತೊಡಗಿದ ಮೇಲೆ ಹೆಚ್ಚು ದೂರ ಓಡಿಸದಿದ್ದುದರಿಂದ ಎಂಜಿನ್ ಉಳಿದಿದೆ, ವಿರಾಜಪೇಟೆಯವರೆಗೆ ಹೋಗಿದ್ದರೆ ಹಿಡಿದುಕೊಳ್ಳುತ್ತಿತ್ತು, ಆಮೇಲೆ ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು ಎಂದ. ಸರಿಯಾದ ಹೊತ್ತಿಗೆ ನಿಲ್ಲಿಸಿದ್ದು ಯಾರು ಎಂದು ಕೇಳಿದ. ದೇರಪ್ಪ ಕೆಮ್ಮಿ ಹೆಂಡತಿಯ ಕಡೆ ಗದ್ದ ಆಡಿಸಿ ತೋರಿಸಿದ.

“ಅಕ್ಕ, ಹಂಗಾರೆ ಆ ಈರುಳ್ಳಿನೂ ಒಂದ್ ದಿನ ಬಂದದೆ,” ಅಂದ ಬೋಜಪ್ಪ. ತಂಗಮ್ಮ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು.

ದೇರಪ್ಪ ಕೀಲಿ ತಿರುಗಿಸಿದ. ಅರಿಸಿನ, ಕುಂಕುಮ ಎರಡೂ ಹಾಜರಿ ಹೇಳಿದವು. ಎಂಜಿನ್ ಎದ್ದಿತು. ಕೆಂಪು ಆರಿತು. ಬಸ್ಸಿನ ಜನವೆಲ್ಲ ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ ನೋಡುತ್ತಿರುವಾಗ ಹಳದಿಯೂ ಒಮ್ಮೆ ಮಿನುಗಿ ಆರಿತು. ತಂಗಮ್ಮ ಆರಿದ ದೀಪಕ್ಕೆ ಕೈ ಮುಗಿದಳು. ಅವಳ ಜೊತೆಗೆ ಕೋಳಿ ಹಿಡಿದವನೂ ಮುಗಿದ.

ನೆಲ್ಯಹುದಿಕೇರಿ ಮುಟ್ಟಿದಾಗ ಎಲೆ ಹಾಕುತ್ತಿದ್ದರು. ಊಟ ಭರ್ಜರಿಯಾಗಿಯೇ ಆಯಿತು. ಸರೋಜ ತಾಯಿಯ ಪಕ್ಕ ಬಿಟ್ಟು ಏಳಲಿಲ್ಲ. ಊಟವಾದ ಮೇಲೆ ಪೊನ್ನಮ್ಮ ಸೊಸೆಗೆ ಮಡಿಲು ತುಂಬಿ, ತಾನೇ ಕೈ ಹಿಡಿದು ತಂದು ಕಾರಿನ ಹಿಂದಿನ ಸೀಟಿನಲ್ಲಿ ದಿಂಬಿಟ್ಟು ಕೂರಿಸಿದಳು. ಕಾರಿಗೂ ಆರತಿ ಎತ್ತಿದಳು. ಆಮೇಲೆ ಎಲ್ಲ ಸರಿಯಿದೆಯೇ ಎಂದು ಮುಂದಿನ ಕಿಟಕಿಯಲ್ಲಿ ಬಗ್ಗಿ ನೋಡಿದಳು. ದೇರಪ್ಪ ಕೀಲಿ ತಿರುಗಿಸುವುದಕ್ಕೂ ಅವಳು ಬಗ್ಗುವುದಕ್ಕೂ ಸರಿಹೋಯಿತು. ಕೆಂಪು ಹಳದಿ ದೀಪಗಳನ್ನು ಕಂಡು ಮುಖ ಅರಳಿತು. ಎಂಜಿನ್ ಎದ್ದಿತು. ದೀಪಗಳು ಆರಿದವು. ಪೊನ್ನಮ್ಮನ ಮುಖವೂ ಆರಿತು.

“ಸರೋಜ, ಇಳಿ,” ಅಂದಳು.

ಬಸುರಿಯನ್ನು ಕಳಿಸುವ ಗಳಿಗೆಯಲ್ಲಿ ಅರಿಸಿನ ಕುಂಕುಮ ಆರಿದ ಗಾಡಿ, ಪೊನ್ನಮ್ಮ ಕಳಿಸುವವಳಲ್ಲ. ದೇರಪ್ಪ ಎಂಜಿನ್, ಆಯಿಲ್, ಬ್ಯಾಟರಿ ಎಂದು ಏನೇನೋ ಹೇಳಹೊರಟ. ಪೊನ್ನಮ್ಮ ಆಗಲೇ ಹಿಂದಿನ ಬಾಗಿಲ ಹಿಡಿಗೆ ಕೈ ಹಾಕಿ ಅರ್ಧ ತೆರೆದಿದ್ದಳು. ತಂಗಮ್ಮನಿಗೆ ಆ ಭಯ ಹೊಸದಲ್ಲ. ಆ ಬೆಳಗಿನವರೆಗೆ ಅವಳದೂ ಅದೇ ಭಯ. ಎಂಜಿನ್ನಿನ ಮಾತು ಅಲ್ಲಿ ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಳಿದು ಹೋಗಿ ಬೀಗಿತ್ತಿಯ ಕೈ ಹಿಡಿದುಕೊಂಡಳು.

“ಪೊನ್ನಕ್ಕ, ಇದ್ ನಮ್ಮ ನಡುಮನೆ ದೀಪದ ಹಂಗಲ್ಲ. ಇದ್ ಕೂಸಿನ ಹಂಗೆ. ಹೊಟ್ಟೆ ತುಂಬಿದ್ದರೆ ಕಣ್ಣ್ ಮುಚ್ಚಿ ನಿದ್ದೆ ಮಾಡ್ದೆ. ಹಸ್ದರೆ ಮಾತ್ರ ಕಣ್ಣ್ ಬುಟ್ಟದೆ. ಬರುವಾಗ ನಾವೇ ಹೊಟ್ಟೆ ತುಂಬ್ಸಿ ಬಂದದ್.”

ಪೊನ್ನಮ್ಮ ಮತ್ತೊಮ್ಮೆ ಕಿಟಕಿಯಲ್ಲಿ ಬಗ್ಗಿ ಆರಿದ ದೀಪಗಳನ್ನು ಬಹಳ ಹೊತ್ತು ನೋಡಿದಳು. ನಾಲ್ಕು ಮಕ್ಕಳನ್ನು ಹೆತ್ತು ಸಾಕಿದವಳು. ಹೊಟ್ಟೆ ತುಂಬಿ ಮಲಗಿದ ಮಗು ಎಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ಬಾಗಿಲ ಹತ್ತಿರ ಬಂದಳು. ಅರ್ಧ ತೆರೆದಿದ್ದ ಬಾಗಿಲನ್ನು ಸದ್ದಾಗದ ಹಾಗೆ ನೂಕಿ ಮುಚ್ಚಿದಳು.

“ಹಂಗಾರೆ ಹಾರ್ನ್ ಬೊತ್ತು,” ಎಂದು ಬೇಡವೆನ್ನುವಂತೆ ಕೈಯಾಡಿಸಿ ಪಿಸುಗುಟ್ಟಿದಳು. “ಮೆಲ್ಲ ಹೋಗಿ.”

ಸರೋಜ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ತಂಗಮ್ಮ ನಗಲಿಲ್ಲ. ಗಂಡನ ಪಕ್ಕ ಕೂತು, ಮಲಗಿದ ದೀಪವನ್ನು ನೋಡುತ್ತ, ನಾಳೆಯಿಂದ ತೂಗುದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ಈ ಕಡ್ಡಿಯನ್ನೂ ಎಳೆದು ನೋಡಬೇಕು ಎಂದು ನಿಶ್ಚಯಿಸಿದಳು. ಕೈಲ್ ಮುಹೂರ್ತವನ್ನು ಕೋವಿ ಕಾಯಲಿ.

ತೋಟದ ಗೇಟಿನ ಹತ್ತಿರ ಬೀಗರ ಹಸುವೊಂದು ದಾರಿಗಡ್ಡ ಮಲಗಿ ಮೆಲುಕು ಹಾಕುತ್ತಿತ್ತು. ದೇರಪ್ಪನ ಕೈ ಹಾರ್ನಿನ ಮೇಲೆ ಹೋಯಿತು. ಹಿಂದಿರುಗಿ ನೋಡಿದ. ಪೊನ್ನಮ್ಮ ಅಂಗಳದ ತುದಿಯಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ದೇರಪ್ಪ ಕಾರಿನಿಂದ ಇಳಿದು, ಸದ್ದಾಗದ ಹಾಗೆ ಬಾಗಿಲು ಮುಚ್ಚಿ, ಹಸುವಿನ ಹಣೆ ತುರಿಸಿ, ಅದನ್ನು ಎಬ್ಬಿಸಿ ಪಕ್ಕಕ್ಕೆ ನಡೆಸಿಕೊಂಡು ಹೋದ.